ಗಿರಿಯಮ್ಮ ಕಣ್ಣು ಮಿಟುಕಿಸುವುದಿಲ್ಲ

೧

ಎಲ್ಲಿಂದ ಶುರು ಮಾಡಲಿ? "ಜಾವಗಲ್ಲಿನ ಆಕಾಶದಲ್ಲಿ" ಎಂದು ಬರೆದು ಹೊಡೆದುಹಾಕಿದೆ. ಕಿಸಾನ್ ದುಡ್ಡಿನ ಕಥೆಗೆ ಆಕಾಶ ಯಾಕೆ ಬೇಕು ಸ್ವಾಮಿ? ಎರಡನೇ ಡ್ರಾಫ್ಟಿನಲ್ಲಿ ಸರ್ಕಾರದ ರೈತ ನೀತಿಯ ಬಗ್ಗೆ ಅರ್ಧ ಪುಟ ಕೊರೆದೆ. ನನಗೇ ಆಕಳಿಕೆ ಬಂತು. ಅದನ್ನೂ ಹರಿದೆ.

ನೇರವಾಗಿ ಹೇಳಿಬಿಡುತ್ತೇನೆ. ಗಿರಿಯಮ್ಮ ಜಾವಗಲ್ಲಿನ ಸೇವಾ ಕೇಂದ್ರವೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾರೆ. ವಯಸ್ಸು ಅರವತ್ತೆಂಟು. ಗಂಡ ಸಿದ್ದಯ್ಯ ತೀರಿಕೊಂಡ ಮೇಲೆ ಒಂದೂವರೆ ಎಕರೆ ರಾಗಿ ಹೊಲ, ಹದಿನಾಲ್ಕು ತೆಂಗು ಅವರ ಹೆಸರಿಗೆ ಬಂದಿವೆ. ಅಲ್ಲಿಂದ ನಾಲ್ಕು ತಿಂಗಳಿಗೊಮ್ಮೆ ಅವರಿಗೆ ಬರುತ್ತಿದ್ದ ಕಿಸಾನ್ ಯೋಜನೆಯ ಎರಡು ಸಾವಿರದ ಕಂತು ಈಗ ನಿಂತಿದೆ. ಇವರೇ ಗಿರಿಯಮ್ಮ ಎಂದು ಇವತ್ತು ಸಂಜೆ ಐದರೊಳಗೆ ಕಂಪ್ಯೂಟರಿಗೆ ಖಾತ್ರಿಯಾಗದಿದ್ದರೆ ಪಟ್ಟಿಯಿಂದ ಹೆಸರೇ ಹೋಗುತ್ತದೆ. (ಈ ಡೆಡ್‌ಲೈನ್ ನನ್ನ ಕಿತಾಪತಿ. ಕಥೆಗೆ ಟೆನ್ಷನ್ ಬೇಕಿತ್ತು.)

೨

ಬೆಳಗಿನಿಂದ ಬೆರಳು ಒತ್ತಿ ಒತ್ತಿ ಸಾಕಾಯಿತು. ನಲವತ್ತು ವರ್ಷ ತೆಂಗಿನಕಾಯಿ ಸುಲಿದ ಕೈಯಲ್ಲಿ ಗೆರೆಗಳೇ ಉಳಿದಿಲ್ಲ. ಕೇಂದ್ರ ನಡೆಸುವ ಶಶಿಕಿರಣ್ ಮೊಬೈಲನ್ನು ಅವರ ಮುಖಕ್ಕೆ ಹಿಡಿದ.

"ಅಜ್ಜಿ, ಮುಖ ತೋರ್ಸಿದ್ರೂ ನಡೀತೈತೆ. ಒಂದ್ಸಲ ಕಣ್ ಮಿಟುಕ್ಸಿ."

ಗಿರಿಯಮ್ಮ ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು, ಕಣ್ಣು ಅಗಲಿಸಿದರು.

"ಫೋಟೊದಾಗೆ ಕಣ್ ಮುಚ್ಚಬಾರ್ದು ಕಣಪ್ಪ."

"ಇದು ಫೋಟೊ ಅಲ್ಲ ಅಜ್ಜಿ! ಮಿಟುಕ್ಸಿದ್ರೇನೇ ನೀವು ಬದ್ಕಿದ್ದೀರಾ ಅಂತ ಇದುಕ್ಕೆ ಗೊತ್ತಾಗೋದು."

"ಜೀವ ಇಲ್ದೇನೇ ಊರಿಂದ ಇಲ್ಲೀಗಂಟ ನಡ್ಕಂಡ್ ಬಂದ್ನಾ?"

ಮೂರನೇ ಸಲವೂ ಫೇಲ್. ಮೊಬೈಲ್ ಇಳಿಸಿದ್ದೇ ತಡ, ಪಟಪಟ ಹತ್ತು ಸಲ ಮಿಟುಕಿಸಿ ಕಣ್ಣೊರೆಸಿಕೊಂಡರು. (ಆಧಾರ್ ಕಾರ್ಡಿನಲ್ಲೂ ಅಜ್ಜಿ ದೆವ್ವ ಕಂಡವರ ಹಾಗೇ ಕೂತಿದ್ದಾರೆ.)

೩

ಬರೆಯುವವನು ಅಂದಮೇಲೆ ನನಗೂ ಒಂದಿಷ್ಟು ಅಧಿಕಾರ ಇದೆಯಲ್ಲ? ಶಶಿಕಿರಣ್ ಮತ್ತೆ ಮೊಬೈಲ್ ಎತ್ತುತ್ತಲೇ ಒಂದು ನೊಣ ಬಿಟ್ಟೆ. ಅದು ಹೋಗಿ ಅವರ ಮೂಗಿನ ಮೇಲೆ ಕೂತಿತು. ಗಿರಿಯಮ್ಮ ಕಣ್ಣು ಮಿಟುಕಿಸದೆ ಹಾಗೇ ನನ್ನತ್ತ ತಿರುಗಿದರು.

"ಏನಪ್ಪಾ ಬರಿಯೋನೆ, ನೊಣ ಬಿಡ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?"

ಆಯಿತಪ್ಪ, ನೊಣ ವಾಪಸ್.

"ಅಲ್ಲ ಅಜ್ಜಿ, ಎರಡು ಸಾವಿರಕ್ಕೆ ಒಂದು ಸಲ ಕಣ್ಣು ಮುಚ್ಚಿದರೆ ನಿಮ್ಮ ಗಂಟೇನು ಹೋಗುತ್ತೆ?"

"ದುಡ್ಡೊಂದೇ ಅಂದ್ಕಂಡ್ಯಾ? ದುಡ್ ಬಂದಾಗ ಫೋನಿಗೆ ಗಿರಿಯಮ್ಮ ಅಂತ ಮೆಸೇಜ್ ಬತ್ತೈತೆ. ಮೊಮ್ಮಗಳು ಓದಿ ಹೇಳ್ತಾಳೆ. ಮನೇಲಿ ನಾನು ಎಲ್ರಿಗೂ ಅಮ್ಮ, ಅತ್ತೆ, ಅಜ್ಜಿ. ಹೆಸ್ರು ಹಿಡ್ದು ಕರೀತಿದ್ದೋರು ನಮ್ ಯಜಮಾನ್ರು ಒಬ್ರೇ. ಅವ್ರು ಹೋದ್ಮೇಲೆ ಆ ಮೆಸೇಜೊಂದೇಯ."

"ಹಾಗಿದ್ದರೆ ಮಿಟುಕಿಸಿ ಮತ್ತೆ!"

ಅವರು ಚೀಲದಿಂದ ಹಳೆಯ ಫೋಟೊ ತೆಗೆದರು. ಮದುವೆ ಆದ ವಾರ ಬಾಣಾವರದ ಸ್ಟುಡಿಯೊದಲ್ಲಿ ತೆಗೆಸಿದ್ದು. ಹದಿನೆಂಟರ ಗಿರಿಯಮ್ಮನ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಸಿದ್ದಯ್ಯ ಕ್ಯಾಮೆರಾ ಬಿಟ್ಟು ಅವಳನ್ನೇ ನೋಡುತ್ತಿದ್ದಾನೆ.

"ಅವ್ರು ನನ್ನ ಹಂಗ್ ನೋಡಿದ್ದು ಅದೊಂದೇ ಸಲ. ಆಮೇಲೆಲ್ಲ ಹೊಲ, ದನ ಅಷ್ಟೇಯ. ಹಾಳಾದ್ ಕಣ್ಣು, ಆವಾಗ್ಲೇ ಮುಚ್ಕೊಬೇಕಾ? ಇನ್ ಕ್ಯಾಮ್ರಾ ಮುಂದೆ ಮುಚ್ಚಲ್ಲ ಅಂತ ಫೋಟೊ ಕೈಗ್ ಬಂದ್ ದಿನ್ವೇ ಆಣೆ ಮಾಡ್ದೆ."

ನಾನು ಪೆನ್ನು ಕೆಳಗಿಟ್ಟೆ. ತಮಾಷೆ ಕಥೆ ಬರೆಯೋಣ ಎಂದು ಕೂತಿದ್ದೆ.

೪

ಅಂತ್ಯ ಒಂದು: ಗಿರಿಯಮ್ಮ ಅತ್ತರು, ರೆಪ್ಪೆ ಬಡಿಯಿತು, ಹಸಿರು ಟಿಕ್ ಬಂತು.

"ನಾನ್ ಯಾವಾಗ ಅತ್ತೆ? ಸುಳ್ ಬರೀಬ್ಯಾಡ." ಹೊಡೆದುಹಾಕಿದೆ.

ಅಂತ್ಯ ಎರಡು: ನಾನೇ ಅವರ ಫೋನಿಗೆ "ಗಿರಿಯಮ್ಮ" ಎಂದು ಮೆಸೇಜ್ ಕಳಿಸಿದೆ.

"ನಿನ್ ಮೆಸೇಜ್ ಯಾರಿಗ್ ಬೇಕು? ಗೌರ್ಮೆಂಟ್ ಕಳಿಸ್ಬೇಕು."

ಐದಕ್ಕೆ ಒಂದು ನಿಮಿಷ ಇದೆ. ಗಿರಿಯಮ್ಮ ಫೋಟೊವನ್ನು ಶಶಿಕಿರಣ್ ಕೈಗಿಟ್ಟರು.

"ತಗಾ, ಇದ್ರಾಗೆ ಕಣ್ ಮುಚ್ಚಿದ್ದೀನಲ್ಲ. ಇದನ್ನೇ ಇಟ್ಕಳ್ಳಿ ಗೌರ್ಮೆಂಟು."

ಶಶಿಕಿರಣ್ ನಗಲಿಲ್ಲ. ಫೋಟೊವನ್ನು ಮೊಬೈಲಿನ ಪಕ್ಕಕ್ಕೇ ಎತ್ತಿ ಹಿಡಿದ.

"ಮೊಬೈಲ್ ನೋಡ್ಬ್ಯಾಡಿ ಅಜ್ಜಿ. ತಾತನ್ನ ನೋಡಿ."

ನೋಡುತ್ತಿದ್ದಾರೆ. ರೆಪ್ಪೆ ಬಡಿದರೆ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಬಡಿಯದಿದ್ದರೆ ಸಿದ್ದಯ್ಯ ಇನ್ನೊಂದು ಗಳಿಗೆ ಹೆಚ್ಚು ಕಾಣುತ್ತಾನೆ. ಕಣ್ಣಲ್ಲಿ ನೀರು ತುಂಬುತ್ತಿದೆ, ಆದರೂ ಬಿಟ್ಟ ಕಣ್ಣು ಬಿಟ್ಟೇ ಇದೆ.

ಡೆಡ್‌ಲೈನ್ ನನ್ನದೇ ತಾನೆ? ನಾನು ಐದು ಗಂಟೆ ಹೊಡೆಸುವುದಿಲ್ಲ. ಅಜ್ಜಿ ನೋಡಿಕೊಳ್ಳಲಿ.