ಜಾಡಿಯ ಮೇಲಿನ ಇಸವಿ

ನಮ್ಮ ದೊಡ್ಡಪ್ಪ ಯಾರ ಮನೆಗೆ ಹೋದರೂ, ಕುಡಿಯಲು ಕೊಟ್ಟ ಗಾಜಿನ ಲೋಟವನ್ನು ಮೊದಲು ತಲೆಕೆಳಗು ಮಾಡಿ ನೋಡುತ್ತಿದ್ದರು. ಅದರಲ್ಲಿ ನೀರಿದೆ ಎಂಬುದು ನೆನಪಾಗುವಷ್ಟರಲ್ಲಿ ಅರ್ಧ ನೀರು ಮಡಿಲಿಗೆ ಇಳಿದಿರುತ್ತಿತ್ತು. ಮನೆಯವರು ಗಾಬರಿಬಿದ್ದು ಒರೆಸುವ ಬಟ್ಟೆಗೆ ಓಡಿದರೆ, ಇವರು ಲೋಟದ ಅಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಚ್ಚಿನ ಗುರುತು ಇದ್ದ ಹಾಗಿದೆ... ಇರ್ಲಿ, ಇನ್ನೊಂದ್ಸಲ ನೋಡೋಣ" ಎಂದು ಗೊಣಗುತ್ತಿದ್ದರು.

ಮೂವತ್ತನಾಲ್ಕು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದ ಮನುಷ್ಯ. ಅಚ್ಚಾಗಿ ಹೋದ ತಪ್ಪು ಮರಳಿ ಬರುವುದಿಲ್ಲ ಎಂಬ ಭಯ ಅವರ ಮೈಗೆ ಎಷ್ಟು ಹತ್ತಿತ್ತೆಂದರೆ, ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ನಡೆಯುವಾಗಲೂ ಹೆಜ್ಜೆಯನ್ನು ಮೊದಲು ಮೆಲ್ಲನೆ ಊರಿ, ನೆಲ ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಭಾರ ಬಿಡುತ್ತಿದ್ದರು. ಬೇಸಿಗೆಯಲ್ಲೂ ಮೈಮೇಲೊಂದು ಬೂದುಬಣ್ಣದ ಕೋಟು. ಅದರ ಜೇಬುಗಳಲ್ಲಿ ಭೂತಗನ್ನಡಿ, ಅಳತೆಯ ಟೇಪು, ಹಲ್ಲುಜ್ಜುವ ಹಳೆಯ ಬ್ರಷ್ಷು. "ನಿಮ್ಮ ದೊಡ್ಡಪ್ಪ ನನ್ನನ್ನ ಮದುವೆಯಾಗಿದ್ದು ಇನ್ನೂ ಕರಡು ಪ್ರತೀನೇ ಕಣೋ, ಅಂತಿಮ ಅಂತ ರುಜು ಹಾಕಿಲ್ಲ" ಎಂದು ದೊಡ್ಡಮ್ಮ ನನ್ನ ಹತ್ತಿರ ನಗುತ್ತಿದ್ದರು.

ಜಾಡಿಗಳ ಹುಚ್ಚು ಹಿಡಿದದ್ದು ನಿವೃತ್ತಿಯ ನಂತರ. ಹಣ್ಣಿನ ಹೋಳುಗಳನ್ನು ಪಾಕದಲ್ಲಿ ಕುದಿಸಿ, ರಬ್ಬರ್ ಉಂಗುರವಿಟ್ಟು, ಸತುವಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದ ಹಳೆಯ ದಪ್ಪ ಗಾಜಿನ ಜಾಡಿಗಳವು. ಗುಜರಿ ಅಂಗಡಿಯ ಮೂಲೆಯಲ್ಲಿ ಅಂಥದೊಂದು ತಿಳಿನೀಲಿ ಜಾಡಿ ಅವರ ಕಣ್ಣಿಗೆ ಬಿತ್ತು. ಅದರ ಮೈಮೇಲಿನ ಉಬ್ಬಕ್ಷರಗಳಲ್ಲಿ ಒಂದು ಅಕ್ಷರ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿತ್ತು. ಅಚ್ಚು ಕೊರೆದವನ ಕೈತಪ್ಪು. ತಿದ್ದುವವನಿಲ್ಲದೆ ಗಾಜಿನಲ್ಲಿ ಹಾಗೆಯೇ ಗಟ್ಟಿಯಾಗಿ ಕೂತ ತಪ್ಪು. ದೊಡ್ಡಪ್ಪ ಅದನ್ನು ಅವುಚಿಕೊಂಡು ಮನೆಗೆ ತಂದರು. ವರ್ಷ ತುಂಬುವುದರೊಳಗೆ ಪುಸ್ತಕದ ಕಪಾಟಿನ ಎರಡು ಸಾಲು ಖಾಲಿಯಾಗಿ ಅಲ್ಲಿ ಜಾಡಿಗಳು ನಿಂತವು, ಪ್ರತಿಯೊಂದರ ಮುಂದೆಯೂ ಮುತ್ತಿನಂಥ ಅಕ್ಷರದಲ್ಲಿ ಅದರ ವಯಸ್ಸು ಬರೆದ ಚೀಟಿ ಕೂತಿತು. ವಯಸ್ಸನ್ನು ಅವರು ಕಂಡುಕೊಳ್ಳುತ್ತಿದ್ದ ಬಗೆ ಸರಳ: ಗಾಜಿನ ಮೇಲೆ ಇಸವಿ ಇದ್ದರೆ ಅದೇ ಹುಟ್ಟಿದ ವರ್ಷ. ಅಚ್ಚಾದದ್ದನ್ನು ಓದಿ ಬದುಕಿದವರಿಗೆ ಅದರಲ್ಲಿ ಅನುಮಾನ ಹುಟ್ಟಲಿಲ್ಲ. ಎಲ್ಲವನ್ನೂ ಅನುಮಾನಿಸುವ ನಮ್ಮ ದೊಡ್ಡಪ್ಪ ಅದೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದರು.

ಅವರ ತಂಗಿ, ಅಂದರೆ ನನ್ನ ಅತ್ತೆ, ಊರಿನ ಇನ್ನೊಂದು ತುದಿಯಲ್ಲಿ ಮಗಳ ಜೊತೆ ಇದ್ದರು. ಒಂದು ಭಾನುವಾರ ಎಲ್ಲರೂ ಅಲ್ಲಿ ಊಟಕ್ಕೆ ಸೇರಿದ್ದಾಗ, ಅಜ್ಜಿಯ ಕಾಲದ್ದೆಂದು ಅತ್ತೆ ತಮ್ಮ ಅಡುಗೆಮನೆಯ ಮೇಲಟ್ಟದಿಂದ ಒಂದು ಜಾಡಿ ಇಳಿಸಿ ತಂದರು. "ಅಮ್ಮ ಇದನ್ನ ಹೊಸದಾಗೇ ಕೊಂಡಿದ್ದು ಅಣ್ಣ. ನಂಗಾಗ ಒಂಬತ್ತು ವರ್ಷ. ಅಂಗಡಿಗೆ ನಾನೇ ಜೊತೇಲಿ ಹೋಗಿದ್ದೆ" ಎಂದರು. ದೊಡ್ಡಪ್ಪ ಭೂತಗನ್ನಡಿ ಹಿಡಿದರು. ಗಾಜಿನ ಮೇಲಿದ್ದ ಇಸವಿ, ಅಜ್ಜಿ ಹುಟ್ಟುವುದಕ್ಕೂ ಮೊದಲಿನದು.

"ಅಮ್ಮನೇ ಹುಟ್ಟಿರಲಿಲ್ಲ, ಹೊಸದಾಗಿ ಕೊಂಡ್ಳಂತೆ! ಎಲ್ಲೋ ಕನಸು ಕಂಡಿದ್ದೀಯ ನೀನು."

"ಕನಸಲ್ಲ ಅಣ್ಣ, ನಂಗೆ ಚೆನ್ನಾಗಿ ನೆನಪಿದೆ."

"ಗಾಜು ಸುಳ್ಳು ಹೇಳತ್ತಾ, ನಿನ್ನ ನೆನಪು ಸುಳ್ಳು ಹೇಳತ್ತಾ?"

ಮಕ್ಕಳು, ಅಳಿಯ, ನಾನು, ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಜಾಡಿಯನ್ನು ಅಣ್ಣನ ಕೈಗೇ ಕೊಟ್ಟು ಕಳಿಸಿದರು.

ಅಂದಿನಿಂದ ಅತ್ತೆ ಬದಲಾದರು. ಕಥೆ ಹೇಳತೊಡಗಿದರೆ ಕೇಳಿದವರನ್ನು ಊಟ ಮರೆಸುತ್ತಿದ್ದ ಹೆಂಗಸು, ಎರಡು ಮಾತಾಡಿ "ಹಾಗೇ ಅಲ್ವಾ? ನಾನೇ ತಪ್ಪು ಹೇಳ್ತಿದ್ದೀನೇನೋ" ಎಂದು ಮಗಳ ಮುಖ ನೋಡತೊಡಗಿದರು. ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಎರಡೆರಡು ಸಲ ಹಾಕಿದರು. ಒಲೆ ಆರಿಸಿದ್ದೇನೋ ಎಂದು ನಾಲ್ಕು ಸಲ ಎದ್ದು ಹೋದರು. ಹೆದರಿದ ಮಗಳು ಡಬ್ಬಗಳಿಗೆಲ್ಲ ಹೆಸರು ಅಂಟಿಸಿದಳು, ತಾನಿಲ್ಲದಾಗ ಒಲೆ ಹಚ್ಚಬೇಡ ಎಂದಳು, ಮರೆವಿನ ಕಾಯಿಲೆ ನೋಡುವ ವೈದ್ಯರಲ್ಲಿ ಮುಂದಿನ ಸೋಮವಾರಕ್ಕೆ ಸಮಯ ಗೊತ್ತುಮಾಡಿದಳು. ಸುದ್ದಿ ಕೇಳಿದ ದೊಡ್ಡಪ್ಪ, "ವಯಸ್ಸಾಯ್ತಲ್ಲ ಪಾಪ" ಎಂದು ನಿಟ್ಟುಸಿರು ಬಿಟ್ಟರು.

ಅದೇ ವಾರ, ಗುರುವಾರ, ಗುಜರಿ ಅಂಗಡಿಯಲ್ಲಿ ಅವರಿಗೆ ಗಾಜಿನ ಕಾರ್ಖಾನೆಯಲ್ಲಿ ದುಡಿದು ಹಣ್ಣಾದ ಮುದುಕರೊಬ್ಬರು ಸಿಕ್ಕಿದರು. ದೊಡ್ಡಪ್ಪ ಜಂಬದಿಂದ ತಂಗಿಯ ಜಾಡಿಯ ಇಸವಿ ಹೇಳಿದ್ದೇ ತಡ, ಮುದುಕರು ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು.

"ಅದು ಮುಚ್ಚಳದ ತಿರುಪಿಗೆ ಪೇಟೆಂಟ್ ಸಿಕ್ಕಿದ ವರ್ಷ ಸ್ವಾಮಿ, ಜಾಡಿ ಹುಟ್ಟಿದ ವರ್ಷ ಅಲ್ಲ. ಆಮೇಲೂ ಎಷ್ಟೋ ಕಾಲ ಅದನ್ನೇ ಒತ್ತುತ್ತಾ ಹೋದ್ರು. ಹೊಸಬರೆಲ್ಲ ಇಲ್ಲೇ ಎಡವೋದು. ಅಚ್ಚಿನ ಎರಡು ಹೋಳು ಸೇರೋ ಕಡೆ ಗಾಜಿನ ಮೇಲೆ ಉಳಿಯೋ ಗೆರೆ ನೋಡಿ, ಗೆರೆ! ಬಾಯಲ್ಲಿ ಊದಿ ಮಾಡಿದ್ದಾದ್ರೆ ಅಚ್ಚಿನ ಗೆರೆ ಬಾಯಂಚು ಮುಟ್ಟೋ ಮುಂಚೇನೇ ನಿಂತುಹೋಗತ್ತೆ, ಅಂಚನ್ನ ಆಮೇಲೆ ಉಜ್ಜಿ ಸಮ ಮಾಡಿರೋದ್ರಿಂದ ಒರಟಾಗಿರತ್ತೆ. ಗೆರೆ ಅಂಚು ಹತ್ತಿದ್ರೆ ಯಂತ್ರದ್ದು. ಅದು ಆ ಇಸವಿಗಿಂತ ಎಷ್ಟೋ ಈಚಿನದು."

ದೊಡ್ಡಪ್ಪ ಮನೆಗೆ ಬಂದವರೇ ಕೋಟನ್ನೂ ಬಿಚ್ಚದೆ ಕಪಾಟಿನ ಮುಂದೆ ನಿಂತು, ತಂಗಿಯ ಜಾಡಿಯ ಮೈಮೇಲಿನ ಗೆರೆಗುಂಟ ಉಗುರನ್ನು ಕೆಳಗಿನಿಂದ ಮೇಲಕ್ಕೆ ಒಯ್ದರು. ಗೆರೆ ಕುತ್ತಿಗೆಯಲ್ಲಿ ನಿಲ್ಲಲಿಲ್ಲ. ನುಣುಪಾದ ಬಾಯಂಚನ್ನು ಹತ್ತಿ ಒಳಗಿಳಿಯಿತು. ಹತ್ತು ಸಲ ಉಗುರು ಆಡಿಸಿದರೂ ಹತ್ತು ಸಲವೂ ಅದೇ ದಾರಿ.

"ಯಾಕ್ರೀ ಮುಖ ಹೀಗೆ? ಜಾಡಿ ಏನಾದ್ರೂ ಒಡೀತಾ?" ಎಂದರು ದೊಡ್ಡಮ್ಮ.

"ಒಡೆದಿದ್ರೆ ಚೆನ್ನಾಗಿತ್ತು."

ಆ ಎರಡು ದಿನ ಅವರು ಪಟ್ಟ ತಳಮಳವನ್ನು ನಾನು ಕಂಡಿದ್ದೇನೆ. ಫೋನು ಎತ್ತುವರು, ಇಡುವರು. ಕಾಗದ ಬರೆದು, ಅದರಲ್ಲಿ ಒಂದು ಪದ ತಿದ್ದಿ, ಹರಿದು ಹಾಕುವರು. ತಾನು ತಪ್ಪಿದ್ದೆ ಎಂದು ಹೇಳಲು ಅವರಿಗೆ ನಾಚಿಕೆಯಿರಲಿಲ್ಲ. ಈಗ ಹೇಳಿದರೂ ತಡವಾಗಿಹೋಗಿದ್ದರೆ ಎಂಬ ಹೆದರಿಕೆ ಅವರನ್ನು ತಿನ್ನುತ್ತಿತ್ತು. ಹೋಗುವುದು ತಡವಾದಷ್ಟೂ ಹೆದರಿಕೆ ಬೆಳೆಯಿತು, ಹೆದರಿಕೆ ಬೆಳೆದಷ್ಟೂ ಹೋಗುವುದು ತಡವಾಯಿತು. ಶನಿವಾರ ಬೆಳಿಗ್ಗೆ ನನ್ನನ್ನು ಕರೆದು, "ಜೊತೆಗೆ ಬಾ, ದಾರೀಲಿ ನಾನು ವಾಪಸ್ ಹೋಗೋಣ ಅಂದ್ರೆ ಬಿಡ್ಬೇಡ" ಎಂದರು. ಬಸ್ಸಿನಲ್ಲಿ ಜಾಡಿಯನ್ನು ಕೋಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಕೋಟಿಲ್ಲದ ದೊಡ್ಡಪ್ಪನ ತೋಳುಗಳು ಎಷ್ಟು ಸಣ್ಣವು ಎಂದು ನನಗೆ ಅಂದೇ ತಿಳಿದದ್ದು.

ಅತ್ತೆ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದರು. ದೊಡ್ಡಪ್ಪ ಪೀಠಿಕೆ ಹಾಕಲಿಲ್ಲ. "ನೀನು ಹೇಳಿದ್ದೇ ಸರಿ ಕಣೇ. ಅಮ್ಮ ಇದನ್ನ ಹೊಸದಾಗೇ ಕೊಂಡಿರಬೇಕು. ತಪ್ಪು ಓದಿದ್ದು ನಾನು" ಎಂದರು.

ಅತ್ತೆ ಅವರನ್ನೇ ನೋಡಿದರು. "ಇರ್ಲಿ ಬಿಡಣ್ಣ. ಸೋಮವಾರದ ವಿಷಯ ಕೇಳಿ, ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀಯ."

ದೊಡ್ಡಪ್ಪ ತಂಗಿಯ ಬೆರಳು ಹಿಡಿದು ಗೆರೆಯ ಮೇಲಿಟ್ಟು ಬಾಯಂಚಿನವರೆಗೆ ಒಯ್ದರು. ಮುದುಕರು ಹೇಳಿದ್ದನ್ನೆಲ್ಲ ತಡವರಿಸುತ್ತ ವಿವರಿಸಿದರು. ಅತ್ತೆ ತಾವಾಗಿಯೇ ಮತ್ತೊಮ್ಮೆ ಬೆರಳಾಡಿಸಿದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು:

"ಹಾಗಾದ್ರೆ ಹುಲ್ಲು? ಅಂಗಡಿಯವನು ಇದನ್ನ ಒಣಹುಲ್ಲಲ್ಲಿ ಸುತ್ತಿ ಕೊಟ್ಟಿದ್ದ. ಆ ಹುಲ್ಲು ತಗೊಂಡು ನಾನು ನನ್ನ ಬೊಂಬೆಗೆ ಹಾಸಿಗೆ ಮಾಡಿದ್ದೆ. ಅದೂ ನಿಜಾನಾ ಅಣ್ಣ?"

ಹುಲ್ಲಿಗೆ ಗೆರೆಯಿಲ್ಲ, ಇಸವಿಯಿಲ್ಲ, ಸಾಕ್ಷಿಯಿಲ್ಲ. ಆಗ ದೊಡ್ಡಪ್ಪ ಬೇರೆ ಊರಿನ ಹಾಸ್ಟೆಲಿನಲ್ಲಿದ್ದರು.

"ನಿಜ" ಎಂದರು.

"ನಿಂಗೆ ಹೇಗೆ ಗೊತ್ತು?"

"ನೀನು ಹೇಳ್ತಿದ್ದೀಯಲ್ಲ."

ಅತ್ತೆ ಮುಖ ಮುಚ್ಚಿಕೊಂಡು ಅತ್ತರು. ಸೋಮವಾರ ವೈದ್ಯರ ಬಳಿಗೆ ಹೋಗುವುದು ತಪ್ಪಲಿಲ್ಲ. ಅವರು ಏನು ಹೇಳುತ್ತಾರೋ ಎಂಬ ಆತಂಕವೂ ತಪ್ಪಲಿಲ್ಲ. ಆದರೆ ಆ ಶನಿವಾರ ಮಧ್ಯಾಹ್ನವೇ ಮಗಳು ಏನೆಂದರೂ ಕೇಳದೆ ಅತ್ತೆ ಒಲೆ ಹಚ್ಚಿ, ತಾವೇ ಕಾಫಿ ಮಾಡಿ, ಒಲೆ ಆರಿಸಿ ಬಂದು ಕೂತರು. ಮತ್ತೆ ಎದ್ದು ಹೋಗಲಿಲ್ಲ.

ಅಳುಕಿನ ಜನ ತಮ್ಮ ಅನುಮಾನ ತಮ್ಮೊಬ್ಬರ ಪಾಡು ಎಂದುಕೊಂಡಿರುತ್ತಾರೆ. ಅದು ಪಕ್ಕದವರಿಗೂ ಹರಡುತ್ತದೆ, ನಂಬಿ ಬದುಕುತ್ತಿದ್ದವರ ಕಾಲ ಕೆಳಗಿನ ನೆಲವನ್ನೂ ಅಲುಗಿಸುತ್ತದೆ ಎಂಬುದು ಅವರಿಗೆ ಬಹಳ ತಡವಾಗಿ ತಿಳಿಯುತ್ತದೆ. ತಿಳಿದ ದಿನ ಅಂಥವರು ಏನನ್ನೂ ಪರೀಕ್ಷಿಸದೆ ಒಬ್ಬರ ಮಾತನ್ನು ಹಾಗೆಯೇ ಒಪ್ಪಿಕೊಂಡರೆ, ಅದಕ್ಕಿಂತ ದೊಡ್ಡ ಪ್ರೀತಿ ಅವರ ಬಳಿ ಇಲ್ಲವೆಂದೇ ತಿಳಿಯಬೇಕು.