ಐಸ್ ಪ್ಲಾಂಟಿನ ಕಾವಲು

ಬ್ರಯನ್‌ನ ಎಡಗೈಯನ್ನು ಐಸ್ ಪುಡಿ ಮಾಡುವ ಕ್ರಷರಿನ ಬಾಯಿಗೆ ಒತ್ತಿ ಹಿಡಿದು ಪುರುಷೋತ್ತಮ ಇನ್ನೂ ನಗುತ್ತಲೇ ಇದ್ದ. ಕುಂಜತ್ತೂರಿನ ಕಡಲ ಬದಿಯ ಐಸ್ ಪ್ಲಾಂಟಿಗೆ ಹಾಡುಹಗಲೇ ನುಗ್ಗಿದ್ದ. ಮೀನಿನ ಲಾರಿಗಳು ಹೋಗಿ ಕೆಲಸದವರು ಊಟಕ್ಕೆ ಎದ್ದ ಹೊತ್ತು ನೋಡಿಕೊಂಡೇ ಬಂದಿದ್ದ, ಕಳ್ಳ. ಹಿಂದೆ ಅವನ ಕಲ್ಲಿನ ಕೋರೆಯ ಇಬ್ಬರು ಆಳುಗಳು, ಬದಿಯಲ್ಲಿ ಲ್ಯಾಪ್‌ಟಾಪ್ ಅಪ್ಪಿಕೊಂಡ ಯೋಗೀಶ. ಪ್ಲಾಂಟಿನ ಯಜಮಾನ, ಬ್ರಯನ್‌ನ ಅಪ್ಪ ಇಗ್ನೇಶಿಯಸ್ ಉಪ್ಪುನೀರಿನ ತೊಟ್ಟಿಯ ಹತ್ತಿರ ಮೊಣಕಾಲೂರಿ ಕೂತಿದ್ದ. ಕೂತದ್ದಲ್ಲ, ಕೂರಿಸಿದ್ದರು. ಬಾಯಿಂದ ಇಳಿದ ರಕ್ತಕ್ಕೆ ಅಂಗಿ ತೋಯ್ದಿತ್ತು, ಉದುರಿದ ಹಲ್ಲು ಐಸಿನ ಚೂರುಗಳ ನಡುವೆ ಎಲ್ಲೋ ಬಿದ್ದಿತ್ತು.

"ಪೊರ್ಬುಗಳೇ, ನಿಮ್ಮ ಮೇಲೆ ನನಗೆ ಎಂತ ದ್ವೇಷವೂ ಇಲ್ಲ," ಎಂದ ಪುರುಷೋತ್ತಮ, ಊರಿನವರು ಕ್ರಿಸ್ತುವರನ್ನು ಕರೆಯುವ ಹಾಗೆಯೇ ಮರ್ಯಾದೆಯಿಂದ. "ಆ ಮೆಷಿನಿನ ರೂಮಿನ ಬೀಗ ತೆಗೀರಿ, ಸಾಕು."

ಇಗ್ನೇಶಿಯಸ್ ಅವನ ಚಪ್ಪಲಿಗೆ ಉಗಿದ. ಪುರುಷೋತ್ತಮ ಆಳಿನ ಕಡೆಗೆ ತಲೆಯಾಡಿಸಿದ, ಆಳು ಸ್ವಿಚ್ಚು ಒತ್ತಿದ. ಕ್ರಷರ್ ಒಮ್ಮೆ ಗರ್ರೆಂದು ನಿಂತಿತು. ಅಷ್ಟರಲ್ಲೇ ಹುಡುಗನ ಕಿರುಬೆರಳೂ ಅದರ ಪಕ್ಕದ್ದೂ ಹೋಗಿದ್ದವು. ಕೆಳಗಿನ ಬುಟ್ಟಿಗೆ ಕೆಂಪು ಐಸ್ ಸುರಿಯಿತು. ಮಗನ ಕೂಗು ಕೇಳಿ ಇಗ್ನೇಶಿಯಸ್‌ನ ಹಠ ಮುರಿಯಿತು. ಸೊಂಟದ ಬೀಗದ ಕೈ ತೆಗೆದು ನೆಲಕ್ಕೆ ಎಸೆದ.

ಯಾಕೆ ಇಷ್ಟೆಲ್ಲ? ಒಬ್ಬ ಹೆಂಗಸು ತನ್ನ ಸ್ವಂತ ದುಡಿಮೆಯನ್ನು ತಾನು ಮುಟ್ಟಬಾರದು ಎಂದು. ಅಷ್ಟೇ.

ಸುಪ್ರೀತಾ ಈ ಪುರುಷೋತ್ತಮನ ತಮ್ಮ ಪ್ರವೀತನ ಹೆಂಡತಿ. ಕುವೈತಿನಲ್ಲಿ ನರ್ಸ್ ಆಗಿದ್ದವಳು. ಮದುವೆಯಾಗಿ ಬಂದ ಮೇಲೆ ಅವಳ ಚಿನ್ನ ಅತ್ತೆಯ ಕಪಾಟು ಸೇರಿತು, ಬ್ಯಾಂಕಿನ ಪುಸ್ತಕ ಗಂಡನ ಕಿಸೆ ಸೇರಿತು. ಕೊನೆಗೆ ಅವಳ ಭುಜದ ಮೂಳೆಯೂ ಮುರಿಯಿತು. ಅವರ ಕೈಗೆ ಸಿಗದೆ ಉಳಿದದ್ದು ಒಂದೇ, ಅವಳ 'ಪಾಲು'. ಈ ಗಡಿಯ ಕಡೆಯ ಗಲ್ಫ್‌ನವರು ಸೇರಿ ಫೋನಿನಲ್ಲೇ ನಡೆಸುವ ನಾಣ್ಯದ ಹೆಸರು ಅದು. ನೋಟಿಲ್ಲ, ಬಿಲ್ಲೆಯಿಲ್ಲ. ಮುಖ್ಯ ಕಚೇರಿಯೂ ಇಲ್ಲ, ಮ್ಯಾನೇಜರನೂ ಇಲ್ಲ. ಹಾಗಾಗಿ ಹೆದರಿಸಲಿಕ್ಕೂ ಯಾರೂ ಇಲ್ಲ. ಇರುವುದು ಕಾವಲು ಮೆಷಿನುಗಳು ಮಾತ್ರ. ತನ್ನ ಪಾಲನ್ನು ಒತ್ತೆಯಿಟ್ಟವನು ಮನೆಯಲ್ಲಿ ಒಂದು ಮೆಷಿನು ಇಟ್ಟುಕೊಳ್ಳುತ್ತಾನೆ. ಇವರಿಂದ ಅವರಿಗೆ ಹೋಗಲಿ ಎಂದು ಯಾರು ಕೇಳಿದರೂ ಸರದಿ ಬಂದ ಮೆಷಿನು ಅದನ್ನು ಎತ್ತಿಕೊಳ್ಳುತ್ತದೆ, ಉಳಿದವು ಹೌದು ಎನ್ನುತ್ತವೆ. ಒತ್ತೆಯಿಟ್ಟದ್ದರಲ್ಲಿ ಮೂರರಲ್ಲಿ ಎರಡು ಭಾಗ ಹೌದು ಎಂದರೆ ಅದು ಗಟ್ಟಿ, ಮತ್ತೆ ದೇವರೇ ಬಂದರೂ ಅಳಿಸಲಿಕ್ಕಾಗುವುದಿಲ್ಲ.

ಸುಪ್ರೀತಾ ಮಗಳನ್ನು ಕಟ್ಟಿಕೊಂಡು ಮಂಗಳೂರಿನಲ್ಲಿ ಗೆಳತಿ ವಿಜೇತಾಳ ಕೋಣೆಯಲ್ಲಿ ಅಡಗಿದ್ದಳು. ತನ್ನ ಪಾಲೆಲ್ಲ ವಿಜೇತಾಳಿಗೆ ಹೋಗಲಿ ಎಂದು ಆ ಬೆಳಿಗ್ಗೆ ಫೋನಿನಲ್ಲಿ ಕೋರಿಕೆ ಒತ್ತಿದ್ದಳು. ಅದು ಹೋದರೆ ವಿಜೇತಾ ಬದಲಿಗೆ ಕೊಡುವ ನಗದಿನಲ್ಲಿ ಮಗಳೊಂದಿಗೆ ವಿಮಾನ ಹತ್ತಬಹುದು. ಹೋಗದಿದ್ದರೆ ಹಸಿವು ತಾಳದೆ ಅದೇ ಗಂಡನ ಮನೆಯ ಮೆಟ್ಟಿಲು ಹತ್ತಬೇಕು. ಹತ್ತಿದರೆ ಈ ಸಲ ಭುಜವಲ್ಲ, ಕುತ್ತಿಗೆ ಎಂದು ಪ್ರವೀತ ಊರಿಡೀ ಹೇಳಿಕೊಂಡು ತಿರುಗುತ್ತಿದ್ದ. ಕೋರಿಕೆ ಬಂದದ್ದು ಎಲ್ಲ ಮೆಷಿನುಗಳಿಗೂ ಕಾಣುತ್ತದೆ. ಊರಿನ ಅರ್ಧ ಮೆಷಿನುಗಳನ್ನು ಕೂರಿಸಿಕೊಟ್ಟ ಯೋಗೀಶ ಈಗ ಪುರುಷೋತ್ತಮನ ಅನ್ನ ತಿನ್ನುವವನು. ಸುಪ್ರೀತಾಳ ನಂಬರು ಅವನಿಗೆ ಗುರುತಿತ್ತು, ಓಡಿ ಹೋಗಿ ಹೇಳಿದ.

ಸರಿ, ಮೆಷಿನುಗಳು ಊರೂರಲ್ಲಿ ಹರಡಿದ್ದರೆ ಈ ಪುರುಷೋತ್ತಮ ಎಷ್ಟು ಮನೆಯ ಬಾಗಿಲು ಒಡೆದಾನು? ಇಲ್ಲೇ ನೋಡಿ ನಮ್ಮವರ ಬುದ್ಧಿ. ಈ ಕಡೆ ತೆಂಗಿನ ಗರಿ ತಂತಿಗೆ ಬಿದ್ದರೆ ಕರೆಂಟು ಹೋಯಿತು ಎಂದೇ ಲೆಕ್ಕ. ಬಾಯಿ ಮುಚ್ಚಿ ಕೂತ ಮೆಷಿನಿನ ಪಾಲು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಕರೆಂಟು ಹೋಗದ ಜಾಗ ಯಾವುದು? ಇಗ್ನೇಶಿಯಸ್‌ನ ಐಸ್ ಪ್ಲಾಂಟು, ಅಲ್ಲಿ ದೊಡ್ಡ ಜನರೇಟರ್ ಉಂಟು. ಮೊದಲು ಮೀನು ಮಾರುವ ಲೋಲಾಕ್ಷಿ ತನ್ನದನ್ನು ಬುಟ್ಟಿಯಲ್ಲಿ ಹೊತ್ತು ತಂದಳು, ಹಿಂದೆಯೇ ಇಡೀ ಕಡಲ ಕರೆಯ ಮನೆಮನೆಯ ಮೆಷಿನೂ ಬಂತು. ಇಗ್ನೇಶಿಯಸ್ ಎದೆ ಉಬ್ಬಿಸಿ ಹಳೆಯ ಗೋದಾಮು ಖಾಲಿ ಮಾಡಿಕೊಟ್ಟ, ಬಾಗಿಲ ಮೇಲೆ ಏಸುವಿನ ಪಟ ಹಾಕಿದ. ಹಾಗೆ ಮೂರರಲ್ಲಿ ಎರಡು ಭಾಗದ ಕಾವಲು ಒಂದೇ ಬೀಗದ ಹಿಂದೆ ಬಂದು ಕೂತಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಇಗ್ನೇಶಿಯಸನ ಅಕ್ಕ ರೋಸ್ಮೇರಿಗೆ ಮಾತ್ರ. ದೇಲಂಪಾಡಿಯ ಕಾಡಿನ ಬದಿಯಲ್ಲಿ ಒಬ್ಬಳೇ ಇರುವ ಆಕೆ ತನ್ನ ಮೆಷಿನನ್ನು ಜೀಪಿನ ಹಳೆಯ ಬ್ಯಾಟರಿಯಲ್ಲಿ ನಡೆಸುತ್ತಿದ್ದಳು. ಎಲ್ಲರ ನಾಯಿಯನ್ನು ಒಂದೇ ಅಂಗಳದಲ್ಲಿ ಕಟ್ಟಿದರೆ ಕಳ್ಳನಿಗೆ ಒಂದೇ ತುಂಡು ಮೀನು ಸಾಕು ಎಂದು ಆಕೆ ಹೇಳಿದ್ದಕ್ಕೆ ತಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ನಿನಗೆ ಹೊಟ್ಟೆಕಿಚ್ಚು ಎಂದಿದ್ದ. ಈಸ್ಟರಿಗೂ ಮಾತಾಡಿರಲಿಲ್ಲ.

ಈಗ ಬೀಗ ತೆರೆಯಿತು. ಯೋಗೀಶ ಒಳಗೆ ಕೂತು ಒಂದೊಂದೇ ಮೆಷಿನಿಗೆ ತಂತಿ ಸಿಕ್ಕಿಸಿ ಕಲಿಸುತ್ತಾ ಹೋದ. ಸುಪ್ರೀತಾಳ ಕೋರಿಕೆಯನ್ನು ಎತ್ತಬೇಡ, ಬೇರೆ ಯಾರು ಎತ್ತಿದರೂ ಹೌದು ಎನ್ನಬೇಡ. ಪುರುಷೋತ್ತಮನಿಗೆ ಇಷ್ಟು ನಾಜೂಕು ಹಿಡಿಸಲಿಲ್ಲ. ಕೋರೆಯಲ್ಲಿ ಕಲ್ಲು ಒಡೆಸುವವನು, ಇದನ್ನೂ ಒಡೆದರೆ ಆಗುವುದಿಲ್ಲವೇ ಎಂದು ಕೇಳಿದ.

"ಒಡೆಯುದು ಬೇಡ ಅಣ್ಣಾ," ಎಂದ ಯೋಗೀಶ. "ಇವು ಬದುಕಿದ್ದು ಬೇಡ ಬೇಡ ಅಂತ ಹೇಳ್ತಾ ಇರಬೇಕು. ಸತ್ತರೆ ಇವುಗಳ ಪಾಲು ಕರಗ್ತಾ ಹೋಗ್ತದೆ. ಮತ್ತೆ ಹೊರಗಿನವರದ್ದೇ ಮೂರರಲ್ಲಿ ಎರಡು ಆಗ್ತದೆ."

ಇಗ್ನೇಶಿಯಸ್ ಅದನ್ನು ಕೇಳಿಸಿಕೊಂಡ. ಲೋಲಾಕ್ಷಿಯ ಮುಖ ನೆನಪಾಯಿತು. ಆ ಕೋಣೆಯಲ್ಲಿದ್ದದ್ದು ಅವನೊಬ್ಬನ ಪಾಲಲ್ಲ, ನಂಬಿ ತಂದಿಟ್ಟವರ ಬೆವರು. ಆದರೆ ಅದೇ ಬೆವರು ಈಗ ಒಬ್ಬ ಹೆಣ್ಣಿನ ಕುತ್ತಿಗೆ ಹಿಡಿದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ, ಆ ಬೇಲಿ ಕಟ್ಟಿದವನೂ ತಾನೇ. ನಾಚಿಕೆಯಿಂದ ಅವನ ಮೈಯೆಲ್ಲ ಉರಿಯಿತು.

ಮಗನನ್ನಾದರೂ ಆಸ್ಪತ್ರೆಗೆ ಕಳಿಸು ಎಂದು ಬೇಡಿದ. ಪುರುಷೋತ್ತಮ ದೊಡ್ಡ ಮನಸ್ಸು ಮಾಡಿದವನಂತೆ ಒಬ್ಬ ಆಳನ್ನು ಜೊತೆಗೆ ಕೊಟ್ಟು, ಬಾಯಿ ಬಿಟ್ಟರೆ ಅಪ್ಪ ಕ್ರಷರಿಗೆ ಎಂದು ಹೇಳಿ ಬ್ರಯನ್‌ನನ್ನು ಆಟೋ ಹತ್ತಿಸಿದ. ಆಟೋದ ಸದ್ದು ದೂರವಾಗುವವರೆಗೆ ಇಗ್ನೇಶಿಯಸ್ ತಲೆ ತಗ್ಗಿಸಿ ಕಾದ. ಆಮೇಲೆ, ಕಂಪ್ರೆಸರಿನ ಒತ್ತಡ ಏರುತ್ತಿದೆ, ವಾಲ್ವು ತಿರುಗಿಸದಿದ್ದರೆ ಪ್ಲಾಂಟೇ ಸಿಡಿಯುತ್ತದೆ ಎಂದ. ಮೀಟರಿನ ಮುಳ್ಳು ಎಲ್ಲಿತ್ತೋ ಅಲ್ಲೇ ಇತ್ತು. ಆದರೆ ಕಲ್ಲಿನವನಿಗೆ ಐಸಿನ ಸಂಗತಿ ಏನು ಗೊತ್ತು? ಹೋಗು ಎಂದ.

ಇಗ್ನೇಶಿಯಸ್ ಹೆಗಲ ಬೈರಾಸನ್ನು ನೀರಿಗೆ ಅದ್ದಿ ಮೂಗು ಬಾಯಿಗೆ ಬಿಗಿದ. ಐಸ್ ಕಟ್ಟಿಸುವ ಅಮೋನಿಯದ ವಾಲ್ವನ್ನು ಪೂರ್ತಿ ಬಿಚ್ಚಿದ.

ವಿಷದ ಗಾಳಿ ಬುಸ್ಸೆಂದು ನುಗ್ಗಿತು. ಐಸ್ ಪ್ಲಾಂಟಿನಲ್ಲಿ ದುಡಿದವರಿಗೆ ಗೊತ್ತು, ಅದು ವಾಸನೆಯಲ್ಲ, ಕಣ್ಣಿಗೂ ಗಂಟಲಿಗೂ ಸುರಿದ ಬೆಂಕಿ. ಯೋಗೀಶ ಲ್ಯಾಪ್‌ಟಾಪ್ ಬಿಟ್ಟು ಗೋಡೆಗೆ ಢಿಕ್ಕಿ ಹೊಡೆದು, ವಾಂತಿ ಮಾಡುತ್ತಾ ಹೊರಗೆ ತೆವಳಿದ. ಆಳು ಅವನನ್ನೇ ತುಳಿದುಕೊಂಡು ಓಡಿದ. ಇಗ್ನೇಶಿಯಸ್ ಐಸ್ ಎಳೆಯುವ ಕಬ್ಬಿಣದ ಕೊಕ್ಕೆ ಎತ್ತಿಕೊಂಡು ಕೋಣೆಗೆ ನುಗ್ಗಿದ. ಮೆಷಿನುಗಳನ್ನು ತಂತಿ ಸಮೇತ ಕಿತ್ತು ಉಪ್ಪುನೀರಿನ ತೊಟ್ಟಿಗೆ ಎಸೆದ. ಮೊದಲು ತನ್ನದು. ಆಮೇಲೆ ಲೋಲಾಕ್ಷಿಯದ್ದು. ಪ್ರತಿಯೊಂದಕ್ಕೂ ಒಂದೊಂದು ಬೈಗುಳ ಬೈದ, ಎಲ್ಲವೂ ತನಗೇ.

ಪುರುಷೋತ್ತಮ ಮಾತ್ರ ಓಡಲಿಲ್ಲ, ಹಠಮಾರಿ. ಕಣ್ಣು ಕಾಣದೆ ಕೆಮ್ಮುತ್ತಾ, ಸದ್ದು ಬಂದ ಕಡೆಗೆ ಚೂರಿ ಬೀಸುತ್ತಾ ಬಂದ. ಮೊದಲ ಏಟು ಗಾಳಿಗೆ ಹೋಯಿತು, ಮುಂದಿನದ್ದು ಇಗ್ನೇಶಿಯಸ್‌ನ ಪಕ್ಕೆಗೆ ಇಳಿಯಿತು. ಇಗ್ನೇಶಿಯಸ್ ಕೊಕ್ಕೆಯನ್ನು ಅವನ ತೊಡೆಗೆ ಹಾಕಿ, ಐಸ್ ಎಳೆದ ಹಾಗೆಯೇ ಬಲವಾಗಿ ಎಳೆದ. ಮಾಂಸ ಹರಿಯಿತು. ಪುರುಷೋತ್ತಮ ಬೊಬ್ಬೆ ಹೊಡೆಯುತ್ತಾ ತೊಟ್ಟಿಗೆ ಬಿದ್ದ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುತ್ತಾರೆ, ಇವನು ಐಸಿಗಿಂತ ತಣ್ಣಗಿನ ಉಪ್ಪುನೀರನ್ನೇ ಹೊಟ್ಟೆ ತುಂಬ ಕುಡಿದ. ಆಳು ಮುಖಕ್ಕೆ ಅಂಗಿ ಸುತ್ತಿ ಬಂದು ಅವನನ್ನು ಎಳೆದು ಹಾಕದಿದ್ದರೆ ಅಲ್ಲೇ ಮುಗಿಯುತ್ತಿದ್ದ. ಕೊನೆಯ ಮೆಷಿನು ಮುಳುಗಿದ ಮೇಲೆಯೇ ಇಗ್ನೇಶಿಯಸ್ ಬಾಗಿಲಿಗೆ ಬಂದು ಬಿದ್ದ. ಅಷ್ಟರಲ್ಲಿ ಬೈರಾಸು ಒಣಗಿತ್ತು.

ಆಮೇಲಿನ ದಿನಗಳು ಅವನಿಗೆ ಬರೀ ಕತ್ತಲೆ. ಎರಡೂ ಕಣ್ಣಿಗೆ ಪಟ್ಟಿ, ಪಕ್ಕೆಗೆ ಹೊಲಿಗೆ. ಬಲಗಣ್ಣು ಬರಬಹುದು, ಎಡದ್ದು ಇಲ್ಲ ಎಂದರು ಡಾಕ್ಟರು. ಬದಿಯ ಮಂಚದಲ್ಲಿ ಬ್ರಯನ್ ಇದ್ದ. ಅಪ್ಪನೊಂದಿಗೆ ಹೆಚ್ಚು ಮಾತಾಡಲಿಲ್ಲ, ನೀರು ಮಾತ್ರ ಕುಡಿಸುತ್ತಿದ್ದ. ಹೇಳದೆ ಕೇಳದೆ ನಮ್ಮ ಪಾಲು ಕರಗಿಸಲು ಇವನು ಯಾರು ಎಂದು ಕಡಲ ಕರೆಯವರು ಬಂದು ಬೈದು ಹೋದರು. ಕೇಳಿದ್ದು ನ್ಯಾಯವೇ ಎಂದು ಇಗ್ನೇಶಿಯಸ್ ಒಪ್ಪಿಕೊಂಡ. ಅದಕ್ಕಿಂತ ಹೆಚ್ಚು ಉರಿದದ್ದು ಸುಪ್ರೀತಾಳ ಸುದ್ದಿ ಯಾರ ಬಾಯಲ್ಲೂ ಬಾರದ್ದು.

ಕೊನೆಗೆ ಒಂದು ಬೆಳಿಗ್ಗೆ ಲೋಲಾಕ್ಷಿ ಬಂದಳು. ಮೀನಿನ ವಾಸನೆಯಲ್ಲೇ ಗುರುತು ಸಿಕ್ಕಿತು. ಅವಳು ಬೈಯಲು ಶುರುಮಾಡಿ ಇನ್ನೂ ಮುಗಿಸಿರಲಿಲ್ಲ, ಇನ್ನೊಬ್ಬರು ಬಂದು ಮಂಚದ ಬದಿಯಲ್ಲಿ ಕೂತರು. ಇಗ್ನೇಶಿಯಸ್ ಕೈ ಚಾಚಿದ, ಕೈಗೆ ಸಿಕ್ಕಿದ್ದು ಗಟ್ಟಿ ಪ್ಲಾಸ್ಟರು.

"ನಾನು," ಎಂದಳು ರೋಸ್ಮೇರಿ. "ಪುರುಷೋತ್ತಮನ ಆಳುಗಳು ದೇಲಂಪಾಡಿಗೂ ಬಂದಿದ್ದರು. ನನ್ನ ಮೆಷಿನನ್ನೂ ಒಡೆದರು, ಕೈಯನ್ನೂ ಮುರಿದರು."

ಅವನು ಏಳಲು ನೋಡಿದ. ಹಾಗಾದರೆ ಎಲ್ಲ ಹಾಳಾಯಿತಲ್ಲ ಅಕ್ಕ ಎಂದ.

"ಹಾಳಾಗಲಿಲ್ಲ. ನೀನು ಮುಳುಗಿಸಿದವುಗಳ ಪಾಲು ಕರಗಿ ಸುಪ್ರೀತಾಳದ್ದು ನಿನ್ನೆ ಗಟ್ಟಿಯಾಯಿತು. ತಾಯಿ ಮಗಳು ಇವತ್ತು ಬೆಳಗ್ಗಿನ ವಿಮಾನಕ್ಕೆ ಹೋದರು."

"ಎತ್ತಿದ್ದು ಯಾರ ಮೆಷಿನು?"

"ಗೊತ್ತಿಲ್ಲ ಮಾರಾಯ. ಮೀಂಜದ್ದೋ, ಶಾರ್ಜಾದ್ದೋ. ಒಂದು ನಂಬರು ಉಂಟು, ಹೆಸರಿಲ್ಲ. ಪುರುಷೋತ್ತಮನೂ ಅದನ್ನೇ ಕೇಳಿ ಕೇಳಿ ಯೋಗೀಶನ ದವಡೆ ಒಡೆದನಂತೆ. ಅವನಾದರೂ ಎಲ್ಲಿಂದ ಹೇಳುದು?"

ಇಗ್ನೇಶಿಯಸ್‌ಗೆ ನಗು ಬಂತು, ಹೊಲಿಗೆ ಎಳೆದು ಪ್ರಾಣ ಹೋದಂತಾಯಿತು. ನಗುತ್ತಲೇ ಅತ್ತ. ಪಟ್ಟಿಯೊಳಗೆ ಕಣ್ಣೀರು ಸುಟ್ಟ ಕಣ್ಣಿಗೆ ಉಪ್ಪು ಸವರಿದ ಹಾಗೆ ಉರಿಯಿತು. ಲೋಲಾಕ್ಷಿ ಬೈಯುವುದನ್ನು ಮರೆತು ಮಂಚದ ಹತ್ತಿರ ಬಂದಳು. ಮೆತ್ತಗೆ ಕೇಳಿದಳು.

"ಪೊರ್ಬುಗಳೇ, ನಾನು ಹೊಸ ಮೆಷಿನು ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಕರೆಂಟು ಆಗಾಗ ಹೋಗ್ತದೆ. ನಿಮ್ಮ ಪ್ಲಾಂಟು ಎಂದಿಗೆ ಸರಿ ಆಗ್ತದೆ? ಅಲ್ಲಿಗೇ ತರುವ ಅಂತ."

ಇಗ್ನೇಶಿಯಸ್ ಕತ್ತಲಲ್ಲಿ ತಡವರಿಸಿ ಬ್ರಯನ್‌ನ ಎಡಗೈ ಹುಡುಕಿ, ಬೆರಳಿಲ್ಲದ ಜಾಗಕ್ಕೆ ಸುತ್ತಿದ ಬಟ್ಟೆಯನ್ನು ಮೆಲ್ಲನೆ ಹಿಡಿದುಕೊಂಡ.

"ನನ್ನ ಗೇಟಿನ ಒಳಗೆ ತಂದರೆ ನಾನೇ ತೊಟ್ಟಿಗೆ ಹಾಕ್ತೇನೆ," ಎಂದ. "ನಿನ್ನ ಅಡುಗೆಮನೆಯಲ್ಲೇ ಇಡು. ನಂಬರು ನನಗೂ ಹೇಳಬೇಡ."