ಯಾರೂ ಒತ್ತದ ಬಟನ್ನು

ಕಂಪ್ಯೂಟರ್ ಕ್ಯಾಬಿನೆಟ್ಟಿನ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದಾಗ ಆಚೆ ಹಾಲ್‌ನಲ್ಲಿ ಯಾರೋ ನಕ್ಕರು. ರಿಪೇರಿಯವನ ಕೈ ತಡೆಯಿತು.

"ಬೆಳಿಗ್ಗೆ ಆನ್ ಮಾಡಿದ್ರೆ ಹೀಗೆ ಬಂತು," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. ಕಪ್ಪು ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ: ಸಿಸ್ಟಂ ಫೈಲ್ ಒಂದು ಕಾಣೆಯಾಗಿದೆ, ಕಂಪ್ಯೂಟರ್ ಶುರುವಾಗುವುದಿಲ್ಲ. "ಅಪ್ಪನದೊಂದು ಒಳ್ಳೆ ಫೋಟೋ ಬೇಕಿತ್ತು. ಮೂರು ಗಂಟೆಗೆ ಗಾಡಿ ಬರುತ್ತೆ. ಅಷ್ಟರಲ್ಲಿ ಆಗುತ್ತಾ?"

"ನೋಡ್ತೀನಿ ಮೇಡಂ."

ಹಾಲ್‌ನಲ್ಲಿ ಅವಳ ಅಪ್ಪನನ್ನು ಮಲಗಿಸಿ, ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು. ಅವರ ತಂಗಿ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ಅಣ್ಣನ ಕತೆ ಹೇಳುತ್ತಿದ್ದಳು. ಎದುರಿಗೆ ಕೂತಿದ್ದ ನಿವೃತ್ತ ಡ್ರೈವರ್ ಹೂಂಗುಟ್ಟುತ್ತಿದ್ದ.

"ಡಿಪೋದಲ್ಲಿ ನಾವೆಲ್ಲ ಸ್ಟೋರಪ್ಪ ಅಂತಿದ್ವಿ," ಎಂದ ಡ್ರೈವರ್. "ಮೂವತ್ನಾಲ್ಕು ವರ್ಷ ಬಿಡಿಭಾಗಗಳ ಉಗ್ರಾಣ ನೋಡ್ಕೊಂಡ್ರು. ಕರೆಂಟ್ ಹೋಗಿದ್ರೂ ಕೈ ಹಾಕಿ ಸರಿಯಾದ ನಟ್ ತೆಗೆದು ಕೊಡೋರು. ಒಂದು ವಾಷರ್ ಕಳೆದಿದ್ದಿಲ್ಲ."

"ಅಂಥೋನು ಮನೆ ಕಂಪ್ಯೂಟರ್ ಮುಟ್ಟಿ, ಇರೋಬರೋ ಫೋಟೋನೆಲ್ಲ ಗುಡಿಸಿ ಹಾಕ್ಬಿಟ್ಟ!" ಎಂದಳು ತಂಗಿ. "ಆಮೇಲೆ ಬಟನ್ ಕಂಡ್ರೆ ಸಾಕು, ಹಾವು ಕಂಡಂಗೆ. ಟೀವಿ ರಿಮೋಟ್ ಮುಟ್ಟಲ್ಲ. ಲಿಫ್ಟ್ ಮುಂದೆ ಯಾರಾದ್ರೂ ಬಂದು ಒತ್ತಲಿ ಅಂತ ಕಾಯೋನು. ಯಾರೂ ಬರ್ಲಿಲ್ಲ ಅಂದ್ರೆ ಮೂರು ಮಹಡಿ ಏದುಸಿರು ಬಿಡ್ತಾ ಹತ್ತೋನು!"

ಮತ್ತೆ ನಕ್ಕರು. ನಗುನಗುತ್ತಲೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಿಪೇರಿಯವನು ತಲೆ ಎತ್ತಲಿಲ್ಲ. ಒಳಗಿನ ವೈರುಗಳನ್ನು ಬಿಚ್ಚಿ ಮತ್ತೆ ಒತ್ತಿ ಕೂರಿಸಿದ. ಅವು ಮೊದಲೂ ಸರಿಯಾಗಿಯೇ ಇದ್ದವು.

* * *

ಒಂಬತ್ತು ವರ್ಷಗಳ ಹಿಂದೆ ಇದೇ ಕೋಣೆ, ಇದೇ ಬಗೆಯ ಎರಡು ಸಾಲು. ಸ್ಟೋರಪ್ಪ ಕಾಣೆಯಾದ ಫೈಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಚುಕ್ಕೆ, ಅಡ್ಡಗೆರೆ ಒಂದೂ ಬಿಟ್ಟಿರಲಿಲ್ಲ.

"ನಮ್ಮ ಸ್ಟೋರಲ್ಲಾದ್ರೆ ಇಷ್ಟು ನಂಬರ್ ಸಾಕಪ್ಪ, ವಸ್ತು ಸಿಕ್ಕೇ ಸಿಗೋದು," ಎಂದರು. "ಸುಮ್ನೆ ಅವಳ ಫೋಟೋ ನೋಡೋಣ ಅಂತ ಆನ್ ಮಾಡಿದೆ." ಅವಳೆಂದರೆ ಹೆಂಡತಿ. ತೀರಿಕೊಂಡು ಎರಡು ವರ್ಷವಾಗಿತ್ತು.

ಡಿಸ್ಕು ಅಲ್ಲಲ್ಲಿ ಸವೆದಿತ್ತು. ಫೈಲು ಇದ್ದ ಜಾಗವೇ ಹಾಳಾಗಿತ್ತು. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ, ಮೊದಲು ಫೋಟೋಗಳನ್ನೆಲ್ಲ ನಕಲು ಮಾಡಿಕೊಳ್ಳಬೇಕಿತ್ತು. ರಿಪೇರಿಯವನಿಗೆ ಅದು ಗೊತ್ತಿತ್ತು. ಆದರೆ ಅಂದು ಇನ್ನೂ ಮೂರು ಮನೆ ಬಾಕಿ ಇದ್ದವು. ಫೋಟೋಗಳು ಡಿಸ್ಕಿನ ಬೇರೆ ಭಾಗದಲ್ಲಿರುತ್ತವೆ ಎಂದುಕೊಂಡು, ಸಿಸ್ಟಂ ಇದ್ದ ಭಾಗವನ್ನು ಅಳಿಸಿ ಹೊಸದಾಗಿ ಸಿಸ್ಟಂ ಹಾಕಿದ. ಎಲ್ಲ ಮುಗಿದು ಪರದೆ ನೀಲಿಯಾಗಿ ಬೆಳಗಿದಾಗ ಒಳಗೆ ಒಂದು ಫೋಟೋವೂ ಇರಲಿಲ್ಲ.

ಅಷ್ಟರಲ್ಲಿ ಮಗಳು ಆಫೀಸಿನಿಂದ ಬಂದಳು. "ಅಮ್ಮನ ಫೋಟೋ ಎಲ್ಲಿ?"

ಅವನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡ. "ಯಾರೋ ಏನೋ ಒತ್ತಿ ಡಿಲೀಟ್ ಮಾಡಿದ್ದಾರೆ ಮೇಡಂ. ಸಿಸ್ಟಂ ಫೈಲ್ ಜೊತೆ ಎಲ್ಲಾ ಹೋಗಿದೆ."

ಮಗಳು ಅಪ್ಪನ ಕಡೆ ತಿರುಗಿದಳು. ಸ್ಟೋರಪ್ಪ ಅವನ ಮುಖ ನೋಡಿದರು, ಕೀಬೋರ್ಡ್ ನೋಡಿದರು.

"ನಾನೇ ಇರಬೇಕು," ಎಂದರು. "ಬೇರೆ ಯಾರಿದ್ದಾರೆ ಮನೇಲಿ?"

* * *

ವಾರದ ನಂತರ ಸ್ಟೋರಪ್ಪ ಅವನ ಅಂಗಡಿಗೆ ಬಂದರು. ಗಿರಾಕಿಗಳೆಲ್ಲ ಹೋಗುವವರೆಗೂ ಹೊರಗೇ ನಿಂತಿದ್ದರು.

"ಏನು ಒತ್ತಿದ್ರೆ ಹಾಗಾಗುತ್ತೆ ಅಂತ ಒಂದ್ಸಲ ತೋರಿಸ್ತೀಯೇನಪ್ಪ? ಎಷ್ಟು ಯೋಚನೆ ಮಾಡಿದ್ರೂ ಏನು ಒತ್ತಿದೆ ಅಂತ ನೆನಪಾಗ್ತಿಲ್ಲ."

ನಿಜ ಹೇಳಲು ಅಷ್ಟು ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಇಬ್ಬರೇ ಇದ್ದರು. ಅವನು ಕೀಬೋರ್ಡ್ ಎಳೆದುಕೊಂಡು ಬಲಗಡೆಯ ಒಂದು ಬಟನ್ ತೋರಿಸಿದ. ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಮುಟ್ಟದೆ ನೋಡಿದರು.

"ಉಪಕಾರ ಆಯ್ತು," ಎಂದು ಹೊರಟರು.

* * *

ಇವತ್ತು ಅವನು ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದ. ಫೋಟೋಗಳನ್ನೆಲ್ಲ ನಕಲು ಮಾಡಿಕೊಂಡ ಮೇಲೆಯೇ ಕಾಣೆಯಾದ ಫೈಲನ್ನು ಹಾಕಿದ. ಅಷ್ಟಕ್ಕೆ ಹಿಡಿದದ್ದು ನಲವತ್ತು ನಿಮಿಷ.

ಮಗಳು ಕುರ್ಚಿ ಎಳೆದುಕೊಂಡು ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಒಂದರಲ್ಲಿ ಅಪ್ಪನ ಭುಜ. ಒಂದರಲ್ಲಿ ಬೆನ್ನು. ಇನ್ನೊಂದರಲ್ಲಿ, ನಗುತ್ತಿರುವ ನೆಂಟರ ಹಿಂದೆ, ತಟ್ಟೆ ಎತ್ತುತ್ತಿರುವ ಕೈ.

"ಅಪ್ಪನ ಮುಖ ನೋಡಿ ಫೋಟೋ ತೆಗೀತಿದ್ದೋಳು ಅಮ್ಮ ಒಬ್ಬಳೇ," ಎಂದಳು. "ಅದೆಲ್ಲ ಆವಾಗ್ಲೇ ಹೋಯ್ತು." ಮುಂದಿನ ಫೋಟೋಗೆ ಸರಿಸುತ್ತಾ ಕೇಳಿದಳು: "ಈಗ್ಯಾಕೆ ಕೆಟ್ಟಿತ್ತು? ಅಪ್ಪನಂತೂ ಈ ಕೋಣೆಗೇ ಬರ್ತಿರಲಿಲ್ಲ."

"ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿರಬೇಕು. ಯಾರೂ ಮುಟ್ಟದೇನೂ ಆಗುತ್ತೆ."

"ಯಾರೂ ಮುಟ್ಟದೇನಾ?"

ಮೌಸಿನ ಮೇಲಿದ್ದ ಅವಳ ಬೆರಳು ನಿಂತಿತು. "ಹಾಗಾದ್ರೆ ಆವತ್ತು?"

ಇಲ್ಲ ಮೇಡಂ, ಅದು ಬೇರೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಕೇಳಿ ನೋಡಲು ಇನ್ನು ಸ್ಟೋರಪ್ಪನೂ ಇಲ್ಲ.

"ಆವತ್ತೂ ಅವರು ಏನೂ ಮಾಡಿರಲಿಲ್ಲ," ಎಂದ. "ಡಿಸ್ಕ್ ಸವೆದಿತ್ತು. ಫೋಟೋ ಅಳಿಸಿದ್ದು ನಾನು. ಅವಸರದಲ್ಲಿ. ಆಮೇಲೆ ಹೆದರಿ ಹಾಗಂದುಬಿಟ್ಟೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಎರಡು ತಿಂಗಳು ಅವರ ಹತ್ರ ನಾನು ಮಾತಾಡಿರಲಿಲ್ಲ," ಎಂದಳು ಮೆಲ್ಲಗೆ. "ಊಟ ಬಡಿಸಿ ಎದ್ದು ಹೋಗ್ತಿದ್ದೆ. ಆ ಲಿಫ್ಟಿನ ತಮಾಷೆ ಶುರು ಮಾಡಿದ್ದೂ ನಾನೇ. ಅತ್ತೆ ಅಲ್ಲ."

ಹಾಲಿನಲ್ಲಿ ತಂಗಿ ಹೊಸದಾಗಿ ಬಂದ ಯಾರಿಗೋ ಅದೇ ಕತೆ ಶುರು ಮಾಡಿದ್ದಳು.

"ಹೋಗಿ ಹೇಳಿ," ಎಂದಳು ಮಗಳು. "ಅಲ್ಲಿ. ಎಲ್ಲರ ಮುಂದೆ."

ಅವನು ಹೋಗಿ ಸ್ಟೋರಪ್ಪನ ಪಾದಗಳ ಬಳಿ ನಿಂತ. ಫೋಟೋ ಅಳಿಸಿದ್ದು ಅವರಲ್ಲ, ನಾನು, ಎಂದು ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಯಾರಿಗೂ ಕೇಳಿಸಿರಲಿಲ್ಲ. ತಂಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನಂಗೂ ಅನ್ಸಿತ್ತು," ಎಂದ ಡ್ರೈವರ್, ಯಾರನ್ನೂ ನೋಡದೆ. "ಅಂಥ ಮನುಷ್ಯ ಅಲ್ಲ ಅಂತ. ಆದ್ರೂ ನಕ್ಕೆ."

ಕೆಳಗೆ ಗಾಡಿ ಬಂದು ನಿಂತಿತು. ಮಗಳು ಒಳಗಿನಿಂದ ಬಂದು ಅಪ್ಪನ ತಲೆಯ ಬಳಿ ನೆಲದ ಮೇಲೆ ಕೂತಳು. ಬಗ್ಗಿ, ಅವರ ಕಿವಿಗೆ ಬಾಯಿ ಹಚ್ಚಿ ಮಾತಾಡತೊಡಗಿದಳು. ಏನೆಂದು ಯಾರಿಗೂ ಕೇಳಿಸಲಿಲ್ಲ. ನಡುನಡುವೆ ಉತ್ತರಕ್ಕೆ ಕಾಯುವವಳಂತೆ ಸುಮ್ಮನಾಗಿ, ಮತ್ತೆ ಮಾತಾಡಿದಳು. ಕೆಳಗಿನಿಂದ ಹಾರ್ನ್ ಒಮ್ಮೆ ಕೇಳಿತು, ಇನ್ನೊಮ್ಮೆ ಕೇಳಿತು. ಹೊರಲು ಬಂದ ನಾಲ್ವರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಹೊತ್ತಾಯಿತು ಎಂದು ಅವಳಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ.